ಅತ್ತೆಯವರು ಮುರಿದ ಆಣೆ

ಎಂಬತ್ತರ ಹತ್ತಿರ ಬಂದರೂ ನಮ್ಮ ಅತ್ತೆಯವರ ಹಟ ಎಂದರೆ ಹಟ. ಅವರು ಹುಟ್ಟಿದ್ದು ಗೋವಾದಲ್ಲಿ, ಪೋರ್ತುಗೀಜರು ಆಳುತ್ತಿದ್ದ ಕಾಲದಲ್ಲಿ. ಸತ್ಯಾಗ್ರಹಕ್ಕಿಳಿದ ತಂದೆಯನ್ನು ಪೊಲೀಸರು ಎಳೆದೊಯ್ದರು. ಅವರು ಜೈಲಿನಲ್ಲೇ ತೀರಿಕೊಂಡರು. ತಾಯಿ ಮಗಳ ಕೈಹಿಡಿದು ಗಡಿಯ ಕಣಕುಂಬಿ ಕಾಡು ದಾಟಿ ಖಾನಾಪುರದ ತವರು ಸೇರಿದರು. ಮುಂದೆ ನಮ್ಮ ಸೈನ್ಯ ಹೋಗಿ ಗೋವಾ ಬಿಡಿಸಿದಾಗ ಓಣಿಯವರೆಲ್ಲ ಪೇಢೆ ಹಂಚಿದರಂತೆ. ಇವರು ಮಾತ್ರ, ಶಾಲೆಯಲ್ಲಿ ಛಡಿ ಏಟು ತಿಂದು ಕಲಿತ ಆ ಪೋರ್ತುಗೀಜ್ ಭಾಷೆಯನ್ನು ಸಾಯುವತನಕ ಬಾಯಿಗೆ ತರುವುದಿಲ್ಲ ಎಂದು ಅಪ್ಪನ ಆಣೆ ಮಾಡಿದರು.

ಹೋದ ವರ್ಷ ಬೆಳಗಾವಿಯ ನಮ್ಮ ಮನೆಯ ಮೇಲಿನ ಕೋಣೆಗೆ ಬಾಡಿಗೆಗೆ ಬಂದವಳು ಮೊಜಾಂಬಿಕ್ ದೇಶದ ಹುಡುಗಿ, ಕಾಲೇಜು ಓದುವವಳು. ಆ ದೇಶವನ್ನೂ ಆಳಿದ್ದು ಅದೇ ಪೋರ್ತುಗೀಜರು. ವರ್ಷಗಟ್ಟಲೆ ಬಂದೂಕು ಹಿಡಿದು ಕಾದಾಡಿ ಅವರನ್ನು ಓಡಿಸಿದೆವು, ತನ್ನ ಅಜ್ಜನೂ ಕಾಡು ಸೇರಿ ಹೋರಾಡಿದ್ದ ಎಂದು ಅವಳು ಹೇಳಿದಾಗ ಅತ್ತೆಯವರು, "ಶಾಬಾಸ್! ಹಿಂಗಿರಬೇಕ ನೋಡ ಮಂದಿ!" ಎಂದು ಅವಳ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದರು. ಆದರೆ ಅವಳು ಫೋನಿನಲ್ಲಿ ತಾಯಿಯೊಡನೆ ಆ ಭಾಷೆ ಶುರು ಮಾಡಿದಳೋ, ಎದ್ದು ಹಿತ್ತಲಿಗೆ ನಡೆದುಬಿಡುತ್ತಿದ್ದರು.

ಒಂದು ದಿನ ಹುಡುಗಿಗೆ ಹೊಟ್ಟೆನೋವು ತಡೆಯಲಾಗಲಿಲ್ಲ. ನಾನೂ ಅತ್ತೆಯವರೂ ಅವಳನ್ನು ಆಸ್ಪತ್ರೆಗೆ ಕರೆದೊಯ್ದೆವು. ಅಪೆಂಡಿಕ್ಸ್, ಈಗಲೇ ಆಪರೇಶನ್ ಆಗಬೇಕು ಎಂದರು ಡಾಕ್ಟರು. ಅವಳನ್ನು ಒಳಗೆ ಒಯ್ದರೋ ಇಲ್ಲವೋ, ನನ್ನ ಕೈಯಲ್ಲಿದ್ದ ಅವಳ ಫೋನು ರಿಂಗಾಯಿತು. ಅವಳ ತಾಯಿ. ಆಕೆಗೆ ಇಂಗ್ಲಿಷ್ ಬಾರದು. ನಾನು "ಹಾಸ್ಪಿಟಲ್, ಆಪರೇಶನ್, ಡೋಂಟ್ ವರಿ" ಅಂದದ್ದೇ ತಪ್ಪಾಯಿತು. ಆಪರೇಶನ್ ಎಂಬುದಷ್ಟೇ ತಿಳಿದು ಆ ತಾಯಿ ಹೋ ಎಂದು ಅಳತೊಡಗಿದರು.

"ಇಲ್ಲಿ ಕೊಡ ಅದನ್ನ," ಎಂದರು ಅತ್ತೆಯವರು.

"ಅತ್ತಿ, ನಿಮ್ಮ ಆಣಿ..."

"ಆಣಿ ಹಾಳಾಗಿ ಹೋಗ್ಲಿ! ಅಲ್ಲಿ ಹಡೆದಾಕಿ ಜೀವಾ ಬಿಡಾಕ್ಹತ್ಯಾಳ."

ಮೊದಲು ತಡವರಿಸಿದರು. ಆಮೇಲೆ, ಅರವತ್ತು ವರ್ಷಕ್ಕೂ ಮೇಲೆ ಬಾಯಿಗೆ ಬಾರದಿದ್ದ ಮಾತು ತುಂಡು ತುಂಡಾಗಿ ಬರತೊಡಗಿತು. ಕಣ್ಣಿಂದ ನೀರು ಇಳಿಯುತ್ತಿತ್ತು, ಮಾತು ನಿಲ್ಲಿಸಲಿಲ್ಲ. ಆ ಕಡೆಯ ಅಳು ನಿಂತಿತು. ಸುಳ್ಳೇಕೆ ಹೇಳಲಿ, ನನಗೆ ಅಲ್ಲೇ ಅವರ ಕಾಲು ಮುಟ್ಟಬೇಕೆನಿಸಿತು.

ಆಪರೇಶನ್ ಸುಸೂತ್ರವಾಗಿ ಮುಗಿಯಿತು, ಹುಡುಗಿಗೆ ಎಚ್ಚರವೂ ಆಯಿತು. ಮನೆಗೆ ಬರುವಾಗ ಆಟೋದಲ್ಲಿ ಕೇಳಿದೆ, "ಅಷ್ಟೊತ್ತು ಏನ ಮಾತಾಡಿದ್ರಿ ಅತ್ತಿ?"

"ನಿನ್ನ ಮಗಳ ಬಾಜೂಕ ನಾ ಅದೀನಿ, ಅಳಬ್ಯಾಡ ಅಂದೆ. ಆಮ್ಯಾಲೆ ಅಕಿ ಕೇಳಿದ್ಲು, ನಿಮಗ ಈ ಭಾಷಾ ಹೆಂಗ ಬಂತು ಅಂತ."

"ನೀವೇನಂದ್ರಿ?"

"ನಿಮಗ ಹೆಂಗ ಬಂತೋ ನಮಗೂ ಹಂಗ ಬಂತು ತಂಗಿ, ಅಂದೆ."