ಎಣ್ಣೆಗೆ ಹೊದಿಸಿದ ಒದ್ದೆ ಗೋಣಿ

ಎಲ್ಲರೂ ಚಿಕ್ಕಪ್ಪ ಎಂದೇ ಕರೆಯುವ ತಾಜ್‌ಸಿರ್, ಸುಡಾನಿನ ಅತ್ಬರಾದ ಆಚೆ, ನೈಲ್ ದಂಡೆಯ ನಮ್ಮ ಪಂಪ್‌ಹೌಸಿನಲ್ಲಿ ಮೂವತ್ತೊಂದು ವರ್ಷ ಉಗ್ರಾಣ ನೋಡಿಕೊಂಡವರು. ಅದರ ಬೀಗದ ಕೈ ಸದಾ ಅವರ ಕೊರಳಲ್ಲಿ.

ಒಂದು ಬಿರುಗಾಳಿಗೆ ಉಗ್ರಾಣದ ತಗಡು ಹಾರಿಹೋಯಿತು. ಇಂಜಿನ್ ಎಣ್ಣೆಯ ಡ್ರಮ್ಮುಗಳು ಅಂಗಳಕ್ಕೆ ಬಂದು ಬಿಸಿಲಿಗೆ ನಿಂತವು. ಇಂಜಿನಿಯರ್ ಹತ್ತಿರ ಹೊಸ ತಗಡು ಕೇಳುತ್ತಲೇ ಎರಡು ಬೇಸಿಗೆ ಕಳೆದ ಮೇಲೆ ಚಿಕ್ಕಪ್ಪ ಕೇಳುವುದನ್ನು ಬಿಟ್ಟರು. ಕುಡಿಯುವ ನೀರು ತಣ್ಣಗಿರಲೆಂದು ಗುಡಾಣಕ್ಕೆ ನಾವೆಲ್ಲ ಮಾಡುವುದನ್ನೇ ಡ್ರಮ್ಮುಗಳಿಗೂ ಮಾಡಿದರು. ಸುತ್ತ ಗೋಣಿ ಕಟ್ಟಿ, ಮುಚ್ಚಳದ ಮೇಲೊಂದು ಮಡಿಸಿಟ್ಟು, ದಿನಕ್ಕೆ ಮೂರು ಸಲ ನದಿಯಿಂದ ನೀರು ಹೊತ್ತು ಸುರಿದರು. ಸೊಂಟ ನೋಯುತ್ತಿತ್ತು. ಆದರೂ ಸುರಿದರು.

ಜೂನ್‌ನಲ್ಲಿ ಇಂಜಿನ್ ನಿಂತಿತು. ಒಳಗಿನ ಎಣ್ಣೆ ಹಾಲು ಬೆರೆಸಿದ ಚಹಾದಂತಾಗಿತ್ತು. ಎಣ್ಣೆ ಮಾರಿಕೊಂಡು ನೀರು ಬೆರೆಸಿದ್ದಾನೆ ಎಂದು ಇಂಜಿನಿಯರ್ ಹಾತಿಮ್, ಇಂಜಿನ್ನಿಗೆ ಎಣ್ಣೆ ಹಾಕುವ ನಮ್ಮಪ್ಪ ಬಾಬಿಕರನ ಮೇಲೆ ಗುಮಾನಿಪಟ್ಟ. ಗುರುವಾರದೊಳಗೆ ಒಪ್ಪಿಕೊಳ್ಳದಿದ್ದರೆ ಕೆಲಸ ಬಿಡಬೇಕೆಂದ. ಚಿಕ್ಕಪ್ಪ ಹೌದು ಎನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಅಂದಿನಿಂದ ಅಪ್ಪ ಅವರೊಡನೆ ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ಬಿಟ್ಟ.

ಬುಧವಾರ ಸಂಜೆ ನಾನು ಬುತ್ತಿ ಒಯ್ದಾಗ ಚಿಕ್ಕಪ್ಪ ಆಗತಾನೇ ನೀರು ಸುರಿದು, ಗೋಣಿ ಕೊಡವಲು ಎತ್ತಿದ್ದರು. ಬಿಸಿಲು ಇಳಿದಿತ್ತು. ಡ್ರಮ್ಮಿನ ಅಂಚಿನೊಳಗೆ ನಿಂತ ನೀರಿನಲ್ಲಿ, ಎಣ್ಣೆ ಹೊಯ್ಯುವ ತೂತಿನ ಬಿರಡೆಯ ಪಕ್ಕ ಒಂದು ಸಣ್ಣ ಸುಳಿ ತಿರುಗಿತು. ಇನ್ನೊಂದು ತಿರುಗಿತು. ನೀರು ಕಾಣುವಂತೆ ತಗ್ಗುತ್ತಿತ್ತು. ಅವರು ಗೋಣಿ ಹಿಡಿದೇ ಬಹಳ ಹೊತ್ತು ಬಗ್ಗಿ ನಿಂತರು.

"ಈ ಡ್ರಮ್ಮು ಹಗಲೆಲ್ಲ ಉಸಿರು ಬಿಟ್ಟಿದೆ ಕಣಮ್ಮ. ತಣ್ಣಗಾಗ್ತಾ ನೀರನ್ನ ಒಳಗೆ ಎಳ್ಕೊಳ್ತಿದೆ. ನಾನೇ ಕುಡಿಸಿದ್ದು."

ಹಾತಿಮ್‌ನ ಬಾಗಿಲಿಗೆ ಅವರು ನಿಧಾನವಾಗಿ ನಡೆದರು. ಹಿಂದೆ ನಾನು. ಎಲ್ಲ ಕೇಳಿ ಆತ ಹಣೆ ಒತ್ತಿಕೊಂಡ.

"ಡ್ರಮ್ ಏನು ಗುಡಾಣಾನಾ ಚಿಕ್ಕಪ್ಪ? ಇಷ್ಟು ವರ್ಷದ ಮೇಲೆ?"

"ಗುಡಾಣ ಬಿಟ್ಟು ಬೇರೇನು ಗೊತ್ತಿತ್ತಪ್ಪ ನಂಗೆ. ತಗಡು ಕೊಟ್ಟಿದ್ರೆ ಅದನ್ನೂ ಮಾಡ್ತಿರಲಿಲ್ಲ." ಕೊರಳಿನಿಂದ ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟರು. "ಬಾಬಿಕರನಿಗೆ ಕೊಡು. ಅವನು ಕಳ್ಳನಲ್ಲ."

ಹಾತಿಮ್ ಬೀಗದ ಕೈಯನ್ನು ತೆಗೆದುಕೊಳ್ಳಲೂ ಇಲ್ಲ, ಹಿಂತಿರುಗಿಸಲೂ ಇಲ್ಲ.

ಮರುದಿನ ಬೆಳಗ್ಗೆ ಹಾತಿಮ್, ಅಪ್ಪ, ಚಿಕ್ಕಪ್ಪ ಮೂವರೂ ಸೇರಿ ಕೆಟ್ಟ ಡ್ರಮ್ಮುಗಳನ್ನು ಬೇರೆ ಇಟ್ಟರು. ಒಳ್ಳೆಯವನ್ನು ಬೇವಿನ ನೆರಳಿಗೆ ಉರುಳಿಸಿ, ಕಟ್ಟಿಗೆಯ ಮೇಲೆ ಅಡ್ಡ ಮಲಗಿಸಿದರು. ಡ್ರಮ್ಮಿನ ಎರಡು ಬಿರಡೆಗಳೂ ಒಂದೇ ಮಟ್ಟದಲ್ಲಿ ಎಡಕ್ಕೊಂದು ಬಲಕ್ಕೊಂದು ಬಂದರೆ ಒಳಗಿನಿಂದ ಎಣ್ಣೆ ಅವನ್ನು ಮುಚ್ಚಿರುತ್ತದೆ, ಗಾಳಿಯಾಗಲಿ ನೀರಾಗಲಿ ಹೊಗುವುದಿಲ್ಲ ಎಂದು ಹಾತಿಮ್ ತೋರಿಸಿಕೊಟ್ಟ. ಚಿಕ್ಕಪ್ಪ ಪ್ರತಿ ಡ್ರಮ್ಮಿಗೂ ಕೈ ಸವರಿ ನೋಡಿ ತಲೆಯಾಡಿಸಿದರು.

ಕೆಲಸ ಮುಗಿದಾಗ ಬೀಗದ ಕೈ ಅಪ್ಪನ ಜೇಬಿನಲ್ಲಿತ್ತು. ಅಪ್ಪ ಬೆಂದ ಕಾಳಿನ ತಟ್ಟೆಯನ್ನು ನೆಲದ ಮೇಲೆ ಇಬ್ಬರ ನಡುವೆ ಇಟ್ಟ. ಚಿಕ್ಕಪ್ಪ ಕುಳಿತರು, ಎರಡು ತುತ್ತು ತಿಂದರು. ಆಮೇಲೆ ಗೋಡೆಗೆ ಒರಗಿ, ರೊಟ್ಟಿ ಕೈಯಲ್ಲಿ ಹಿಡಿದಿದ್ದಂತೆಯೇ ನಿದ್ದೆಹೋದರು.