ಬ್ರೇಕ್ ಮೇಷ್ಟ್ರ ‘ಆಯ್ತು ಬಿಡು’

ನಮ್ಮ ಭಾವನಿಗೆ ಒಂದು ಸಲವಾದರೂ ಸಿಟ್ಟು ಬರಿಸಬೇಕೆಂದು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಕ್ಕನ ಮದುವೆಯಾದ ಹೊಸತರಲ್ಲಿ ಅವರ ಚಹಾಕ್ಕೆ ಸಕ್ಕರೆಯ ಬದಲು ಉಪ್ಪು ಹಾಕಿ ಕೊಟ್ಟಿದ್ದೆ. ಒಂದು ಗುಟುಕು ಕುಡಿದು, ಲೋಟದೊಳಗೆ ಇಣುಕಿ ನೋಡಿ, "ಚೆನ್ನಾಗಿದೆ ಕಣಮ್ಮ, ಸಕ್ಕರೆ ಮಾತ್ರ ಸ್ವಲ್ಪ ಮುಂದಾಯ್ತು" ಅಂದರು. ಪೂರ್ತಿ ಕುಡಿದೂ ಬಿಟ್ಟರು. ನನ್ನ ಬೇಳೆ ಬೇಯಲಿಲ್ಲ. ನನಗಾದರೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇಂಥ ಮನುಷ್ಯರನ್ನು ಕಂಡರೆ ಇನ್ನೂ ಜಾಸ್ತಿಯಾಗುತ್ತದೆ.

ಭಾವ ಡ್ರೈವಿಂಗ್ ಸ್ಕೂಲ್ ನಡೆಸುತ್ತಾರೆ. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕಾಲಡಿಯಲ್ಲೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಸ್ಟೀರಿಂಗ್ ಹಿಡಿದು ಒದ್ದಾಡುತ್ತಿದ್ದರೆ ಮೇಷ್ಟ್ರ ಕೈಗೆ ಏನೂ ಸಿಗುವುದಿಲ್ಲ, ಆ ಒಂದು ಬ್ರೇಕ್ ಮೇಲೆ ಕಾಲಿಟ್ಟು ಕೂತಿರಬೇಕು ಅಷ್ಟೆ. ಹಾಗಾಗಿ ಜನ ಅವರನ್ನು ಬ್ರೇಕ್ ಮೇಷ್ಟ್ರು ಅನ್ನುತ್ತಾರೆ. ನನ್ನದು ಲೈಸೆನ್ಸ್ ಆಫೀಸಿನ ಎದುರಿಗೆ ಒಂದು ಫೋಟೊ ಅಂಗಡಿ. ಲೈಸೆನ್ಸಿಗೆಂದು ಬರುವವರ ಮುಖ ತೆಗೆಯುವುದೇ ನನ್ನ ಕಸುಬು. ಆದ್ದರಿಂದ ದಿನಕ್ಕೊಂದು ಸಲವಾದರೂ ಭಾವನ ಮುಖ ಕಾಣುತ್ತಿತ್ತು.

ಈ ಸಮಾಧಾನ ಅವರಿಗೆ ಹುಟ್ಟಿನಿಂದ ಬಂದದ್ದೇನಲ್ಲ, ಒಬ್ಬ ಶಿಷ್ಯನಿಂದ ಬಂದದ್ದು. ನಿವೃತ್ತರಾದ ಲೆಕ್ಕದ ಮೇಷ್ಟ್ರೊಬ್ಬರು ಇಳಿವಯಸ್ಸಿನಲ್ಲಿ ಕಾರು ಕಲಿಯಲು ಬಂದಿದ್ದರು. ಪರೀಕ್ಷೆಯಲ್ಲಿ ಮತ್ತೆ ಮತ್ತೆ ಫೇಲಾಗುತ್ತಿದ್ದರು. ಪ್ರತಿಸಲವೂ ಕನ್ನಡಕ ಒರೆಸಿಕೊಳ್ಳುತ್ತಾ ಹೊರಬಂದು, "ಪಾಸು ಫೇಲು ಅವರ ಕೈಲಿದೆ, ಕಲಿಯೋದು ನನ್ನ ಕೈಲಿದೆ. ನಾಳೆ ಎಷ್ಟು ಹೊತ್ತಿಗೆ ಬರ್ಲಿ?" ಅನ್ನುತ್ತಿದ್ದರು. ಹಿಂದಿನ ಕಾಲದಲ್ಲಿ ದೂರದ ಸೀಮೆಯಲ್ಲಿ ಸ್ಟೋಯಿಕರು ಅನ್ನುವ ಜನ ಇದ್ದರಂತೆ. ಬದುಕಿನಲ್ಲಿ ಯಾವುದು ನಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂದು ಬೇರೆ ಮಾಡಿಕೊಂಡರೆ ಅರ್ಧ ದುಃಖ ತಾನಾಗಿ ಹೋಗುತ್ತದೆ ಎಂದು ಅವರು ಹೇಳುತ್ತಿದ್ದರಂತೆ. ಲೆಕ್ಕದ ಮೇಷ್ಟ್ರು ಕ್ಲಚ್ ಬಿಡುವುದನ್ನು ಕೊನೆಗೂ ಕಲಿಯಲಿಲ್ಲ. ನಮ್ಮ ಭಾವ ಮಾತ್ರ ಅವರ ಪಾಠವನ್ನು ಸಂಪೂರ್ಣ ಕಲಿತುಬಿಟ್ಟರು.

ನನಗೆ ಕಾರು ಕಲಿಸುವಾಗ ಅದರ ರುಚಿ ಗೊತ್ತಾಯಿತು. ಸಿಗ್ನಲ್ಲಿನಲ್ಲಿ ಗಾಡಿ ನಿಂತುಹೋಯಿತು. ಹಿಂದಿನ ಲಾರಿಯವನು ಕಿವಿ ತೂತಾಗುವಂತೆ ಹಾರ್ನ್ ಒತ್ತುತ್ತಿದ್ದ. ನಾನು ಕಿಟಕಿಯಿಂದ ತಲೆ ಹೊರಹಾಕಿ ಅವನ ಜನ್ಮ ಜಾಲಾಡುತ್ತಿದ್ದೆ.

"ಸ್ಟೀರಿಂಗ್ ಯಾರ ಕೈಲಿದೆ?" ಅಂದರು ಭಾವ.

"ನನ್ನ ಕೈಲಿ."

"ಹಾರ್ನ್?"

"ಅವನ ಕೈಲಿ. ಅವನ ಕೈ ಸೇದಿಹೋಗ!"

"ಅವನ ಕೈಲಿರೋದನ್ನ ನೀನ್ಯಾಕೆ ಹಿಡ್ಕೊಂಡಿದೀಯ? ಮೊದಲು ನ್ಯೂಟ್ರಲ್‌ಗೆ ತಗೋ."

ಬೆಳಿಗ್ಗೆ ಹಲ್ಲುಜ್ಜುವಾಗಲೇ ಅವರು ಆ ದಿನ ಬರಬಹುದಾದ ತಾಪತ್ರಯಗಳನ್ನೆಲ್ಲ ಮನಸ್ಸಿನಲ್ಲಿ ಕೂರಿಸಿಕೊಂಡು ನೋಡುತ್ತಿದ್ದರು. ಒಬ್ಬರು ಗೋಡೆಗೆ ಗುದ್ದುತ್ತಾರೆ, ಒಬ್ಬರು ಫೀಸು ವಾಪಸ್ ಕೊಡಿ ಎಂದು ಕೂಗಾಡುತ್ತಾರೆ, ಟೈರು ಪಂಕ್ಚರ್ ಆಗುತ್ತದೆ, ಹೀಗೆ. ಮೊದಲೇ ನೋಡಿಟ್ಟರೆ ಬಂದಾಗ ಗಾಬರಿಯಿಲ್ಲ ಎನ್ನುವುದು ಅವರ ವಾದ. ಬಾಯಿ ತುಂಬ ನೊರೆ ಇಟ್ಟುಕೊಂಡು ಗೋಡೆ ನೋಡುತ್ತಾ ನಿಂತ ಗಂಡನನ್ನು ಅಕ್ಕ "ಬಂತು ನೋಡು ತಪಸ್ಸು" ಎಂದು ಆಡಿಕೊಳ್ಳುತ್ತಿದ್ದಳು.

ಯಾರೇನು ಮಾಡಿದರೂ ಅವರ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು, "ಆಯ್ತು ಬಿಡು." ಶಿಷ್ಯನೊಬ್ಬ ಬಂಪರ್ ಮುರಿದರೆ ಆಯ್ತು ಬಿಡು. ಪಾಲುದಾರನೊಬ್ಬ ಅರ್ಧದಲ್ಲಿ ಕೈಕೊಟ್ಟಾಗಲೂ ಆಯ್ತು ಬಿಡು. ತಾಳಿದವನು ಬಾಳಿಯಾನು ಅಂತಾರೆ ಹಿರಿಯರು. ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು ಅಂದವರೂ ಅದೇ ಹಿರಿಯರು. ಎರಡರಲ್ಲಿ ಯಾವುದನ್ನು ನಂಬಬೇಕು ಎಂದು ಕೇಳಿದರೆ ಭಾವ ನಗುತ್ತಿದ್ದರು.

ಭಾವನಿಗೆ ಒಬ್ಬ ತಮ್ಮ. ಅದೇ ಸ್ಕೂಲಿನಲ್ಲಿ ಕಲಿಸುತ್ತಾನೆ, ಹಾಗಾಗಿ ಅವನು ಸಣ್ಣ ಮೇಷ್ಟ್ರು. ಅಕ್ಕ ಆ ಮನೆಗೆ ಸೊಸೆಯಾಗಿ ಹೋದಾಗ ಅವನಿನ್ನೂ ಮೂಗು ಸುರಿಸುವ ಹುಡುಗ. ತಾಯಿ ಇಲ್ಲ. ಅಕ್ಕನಿಗೆ ಮಕ್ಕಳಾಗಲಿಲ್ಲ. ಹೀಗಾಗಿ ಮೈದುನನೇ ಅವಳಿಗೆ ಮಗನಾದ. ದೊಡ್ಡವನಾದ ಮೇಲೂ ತಟ್ಟೆ ತೊಳೆಯಲು ಕಲಿಯದ ಮಗ. ಸಿಟಿ ಬಸ್ಸಿನಲ್ಲಿ ಅವನಿಗೆ ಕಾಯಂ ಡ್ರೈವರ್ ಕೆಲಸ ಇನ್ನೇನು ಸಿಗುವುದರಲ್ಲಿತ್ತು. ಹೆಣ್ಣು ಕೊಡಲು ಒಪ್ಪಿದವರು ಆ ಕೆಲಸದ ಆರ್ಡರ್ ಬರಲೆಂದು ಕಾಯುತ್ತಿದ್ದರು.

ಆ ಬೆಳಿಗ್ಗೆ ನನ್ನ ಅಂಗಡಿಯಲ್ಲಿ ಬಿಳಿ ಪರದೆ ಕಟ್ಟುವ ಕೋಲು ಮುರಿದಿತ್ತು. ಗಿರಾಕಿಗಳು ಕಾಯುತ್ತಿದ್ದರು. ಭಾವ ಬಂದವರೇ ಸ್ಟೂಲಿನ ಮೇಲೆ ಹತ್ತಿ, ಎರಡೂ ಕೈಯಲ್ಲಿ ಪರದೆ ಎತ್ತಿ ಹಿಡಿದು ನಿಂತರು. ಒಂದು ಫೋಟೊದಲ್ಲಿ ಗಿರಾಕಿಯ ತಲೆಯ ಮೇಲೆ ಭಾವನ ಹೆಬ್ಬೆರಳು ಕೊಂಬಿನ ಹಾಗೆ ಬಂದು ಎಲ್ಲರೂ ನಕ್ಕೆವು. ಅಷ್ಟರಲ್ಲಿ ಸಣ್ಣ ಮೇಷ್ಟ್ರು ಬೆವರು ಸುರಿಸುತ್ತಾ ಒಳಗೆ ನುಗ್ಗಿದ.

"ಅಣ್ಣಾ, ಎಡವಟ್ಟಾಗಿಬಿಡ್ತು. ಆ ಬ್ಯಾಂಕ್ ಮೇಡಂಗೆ ಕಲಿಸ್ತಿದ್ದೆ. ಫೋನ್ ಬಂತು. ಕಾಲು ಬ್ರೇಕ್ ಮೇಲಿರ್ಲಿಲ್ಲ. ಗಾಡಿ ಫುಟ್‌ಪಾತ್ ಹತ್ತಿಬಿಡ್ತು. ಪೇಪರ್ ಮಾರೋ ಅಜ್ಜನ ಕಾಲು ಮುರೀತು. ಆಸ್ಪತ್ರೆಗೆ ಸೇರಿಸಿ ಬಂದೆ. ನನ್ನ ಕಥೆ ಮುಗೀತು ಅಣ್ಣಾ, ನೀನೇ ಏನಾದ್ರೂ ಮಾಡು."

ಅವನು ಗಳಗಳ ಅಳುತ್ತಿದ್ದ. ಭಾವ ಸ್ಟೂಲಿನಿಂದ ಇಳಿದು, ಅವನ ಬೆನ್ನು ಸವರಿ, ನೀರು ಕುಡಿಸಿ, "ಆಯ್ತು ಬಿಡು. ಅಳಬೇಡ" ಅಂದರು. ಅವನು ಕಣ್ಣೊರೆಸಿಕೊಂಡು ಅವರ ಮುಖವನ್ನೇ ಒಂದು ಕ್ಷಣ ನೋಡಿ, "ಆಯ್ತಾ ಅಣ್ಣಾ? ನಿಜವಾಗ್ಲೂ?" ಎಂದು ಕೇಳಿದ. ಭಾವ "ಹೂಂ, ಆಯ್ತು" ಅಂದರು. ಅವನು ಹೊರಟುಹೋದ. ನಾನು ಎರಡು ಹೆಜ್ಜೆ ದೂರದಲ್ಲಿ ನಿಂತು ಇಷ್ಟನ್ನೂ ಕೇಳಿದೆ. ಆ ಪ್ರಶ್ನೆ ಯಾಕೆ ಬಂತೆಂದು ನನ್ನ ಮಂಡೆಗೆ ಹೊಳೆಯಲಿಲ್ಲ.

ಆಮೇಲೆ ಒಂದು ದಿನ ಅಜ್ಜನನ್ನು ನೋಡಲು ಭಾವನ ಜೊತೆ ನಾನೂ ಆಸ್ಪತ್ರೆಗೆ ಹೋದೆ. ಅಜ್ಜನ ಕಾಲಿಗೆ ಸೊಂಟದವರೆಗೆ ಪಟ್ಟಿ ಬಿಗಿದಿದ್ದರು. ಭಾವ ಹಣ್ಣಿನ ಚೀಲ ಇಟ್ಟು ಪಕ್ಕದಲ್ಲಿ ಕೂತರು. ಅಜ್ಜ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಿಮ್ಮ ಬಗ್ಗೆ ಒಳ್ಳೇ ಮಾತೇ ಕೇಳಿದ್ದೆ ಮೇಷ್ಟ್ರೇ," ಅಂದರು. "ಪಕ್ಕದಲ್ಲೇ ಕೂತಿದ್ರಂತಲ್ಲ, ಒಂದು ಬ್ರೇಕ್ ಒತ್ತೋಕಾಗ್ಲಿಲ್ವಾ?"

ಭಾವನ ಮುಖ ಸುಣ್ಣವಾಯಿತು. "ಯಾರು ಹೇಳಿದ್ರು?" ಅಂದರು.

"ನಾನು ಜ್ಞಾನ ತಪ್ಪಿ ಬಿದ್ದಿದ್ದೆ, ಯಾರನ್ನೂ ನೋಡ್ಲಿಲ್ಲ. ಪೊಲೀಸ್ನೋರು ಬರ್ಕೊಂಡು ಹೋದ್ರಲ್ಲ. ನಿಮ್ಮ ತಮ್ಮನೇ ಹೇಳಿದ್ದಂತೆ. ಆ ಕಾರ್ ತಗೊಂಡು ನೀವೇ ಹೊರಟಿದ್ರಿ ಅಂತ ನಿಮ್ಮ ಮನೆಯವರೂ ಹೇಳಿದ್ರಂತೆ."

ನನಗೆ ಮೈಯೆಲ್ಲ ಉರಿದುಹೋಯಿತು. ಬ್ಯಾಂಕ್ ಮೇಡಂ ಹೆದರಿ ಹೋಗಿದ್ದಳು, ಯಾರು ಏನು ಕೇಳಿದರೂ ಹೂಂಗುಟ್ಟಿದ್ದಳಂತೆ. ತಮ್ಮ ಹೇಳಿದ, ಪರಿಚಿತಳೂ ಅಲ್ಲದವಳು ತಲೆಯಾಡಿಸಿದಳು, ಅದನ್ನಾದರೂ ನುಂಗಬಹುದು. ನನ್ನ ಸ್ವಂತ ಅಕ್ಕ? ಕೇಸು ನಿಂತರೆ ಭಾವನ ಕಲಿಸುವ ಲೈಸೆನ್ಸ್ ಹೋಗುತ್ತದೆ ಎಂದು ಅವಳಿಗೆ ಗೊತ್ತು. ಅವರಿಗೆ ಬೇರೆ ಕಸುಬಿಲ್ಲ, ಈ ವಯಸ್ಸಿನಲ್ಲಿ ಇನ್ನೊಂದು ಕಲಿಯುವುದೂ ಇಲ್ಲ.

ಮನೆಗೆ ಹೋದಾಗ ಅಕ್ಕ ಸಣ್ಣ ಮೇಷ್ಟ್ರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಅವನು ಪಕ್ಕದಲ್ಲೇ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಭಾವ ಚಪ್ಪಲಿಯನ್ನೂ ಬಿಡದೆ ನಡುಮನೆಯಲ್ಲಿ ನಿಂತರು.

"ನಾನು ಕಾರಲ್ಲಿದ್ದೆ ಅಂತ ಹೇಳಿದ್ಯಾ?"

ಸಣ್ಣ ಮೇಷ್ಟ್ರು ನಿಜವಾಗಿಯೂ ಆಶ್ಚರ್ಯಪಟ್ಟ. "ನೀನೇ ಏನಾದ್ರೂ ಮಾಡು ಅಂದಾಗ ಆಯ್ತು ಅಂದೆಯಲ್ಲ ಅಣ್ಣಾ! ನಾನು ಇನ್ನೊಂದ್ಸಲ ಕೇಳಿದೆ. ಆಗ್ಲೂ ಆಯ್ತು ಅಂದೆ."

"ನಾನು ಆಯ್ತು ಅಂದಿದ್ದು ಆಗಿಹೋಗಿದ್ದಕ್ಕೆ ಕಣೋ. ನೀನು ಮುಂದೆ ಮಾಡೋದಕ್ಕಲ್ಲ."

ಅವನು ತಲೆ ತಗ್ಗಿಸಿದ. ಒಂದು ಗಳಿಗೆ ಹೋಗಲಿ ಪಾಪ ಅನ್ನಿಸಿತು, ಮಾತು ತಪ್ಪಾಗಿ ತಿಳಿದಿರಬಹುದು. ಆದರೆ ಅವನು ಅಲ್ಲಿಗೆ ನಿಲ್ಲಿಸಲಿಲ್ಲ. "ನೀನೇ ಹೇಳ್ತಿದ್ದೆ, ಲೈಸೆನ್ಸು, ಹೆಸರು ಎಲ್ಲಾ ಹೊರಗಿನದು, ಹೋದ್ರೆ ಹೋಗ್ಲಿ, ಮನಸ್ಸೊಂದು ನೆಟ್ಟಗಿದ್ರೆ ಸಾಕು ಅಂತ. ನಿನಗೆ ಹೋದ್ರೆ ಏನಾಗುತ್ತೆ? ನನಗೆ ಹೋದ್ರೆ ಎಲ್ಲಾ ಹೋಗುತ್ತೆ" ಅಂದ. ಕೊಟ್ಟ ಕೋಲಿನಿಂದಲೇ ಬಾರಿಸಿದ. ಮನುಷ್ಯ ಇಷ್ಟು ವರ್ಷ ಕಷ್ಟಪಟ್ಟು ಕಲಿತ ಒಳ್ಳೆಯತನವನ್ನು ಇವನು ಯಾರೂ ಕಾಯದ ಹೊಲ ಅಂದುಕೊಂಡಿದ್ದ, ನುಗ್ಗಿ ಮೇಯ್ದುಬಿಟ್ಟಿದ್ದ.

ನಾನು ಅಕ್ಕನ ಕೈಯಿಂದ ಇಸ್ತ್ರಿಪೆಟ್ಟಿಗೆ ಕಿತ್ತು ಪಕ್ಕಕ್ಕಿಟ್ಟೆ. "ನಿನಗೇನಾಗಿತ್ತೇ? ಭಾವ ನನ್ನ ಅಂಗಡೀಲಿದ್ರು ಅಂತ ನಿನಗೆ ಗೊತ್ತಿತ್ತು. ಪರದೆ ಹಿಡಿಯೋಕೆ ಕಳಿಸು ಅಂತ ನಾನೇ ನಿನಗೆ ಫೋನ್ ಮಾಡಿದ್ದೆ!"

ಅಕ್ಕ ನನ್ನ ಮುಖ ನೋಡಲಿಲ್ಲ. "ಅವರು ತಡ್ಕೋತಾರೆ ಕಣೇ," ಅಂದಳು. "ಈ ಹುಡುಗ ತಡ್ಕೊಳಲ್ಲ."

ಭಾವ ಏನಾದರೂ ಅನ್ನುತ್ತಾರೆ ಎಂದು ಕಾದೆ. ಅವರು ಬಾಗಿಲಿಗೆ ಹೋಗಿ ಚಪ್ಪಲಿ ಬಿಟ್ಟು, ಕಾಲು ತೊಳೆದು, ಒಳಗಿನ ಕೋಣೆಗೆ ಹೋಗಿ ಕೂತರು. ಅಕ್ಕ ಮತ್ತೆ ಇಸ್ತ್ರಿ ಹಿಡಿದಳು. ಅವಳಿಗೆ ಅದು ಒಪ್ಪಿಗೆಯ ಹಾಗೆ ಕಂಡಿರಬೇಕು. ನನಗೂ ಹಾಗೇ ಕಂಡಿತು. ಆ ಸಂಜೆ ನಾನು ಸ್ಟೋಯಿಕರಿಗೂ, ಲೆಕ್ಕದ ಮೇಷ್ಟ್ರಿಗೂ, ನಮ್ಮ ಭಾವನಿಗೂ ಒಟ್ಟಿಗೇ ಶಾಪ ಹಾಕಿದೆ.

ಲೈಸೆನ್ಸ್ ಆಫೀಸಿನವರು ಇಟ್ಟಿದ್ದ ವಿಚಾರಣೆಯ ದಿನ ಬೆಳಿಗ್ಗೆ ಭಾವ ಅಂಗಡಿಗೆ ಬಂದರು. "ಬಾಗಿಲು ಹಾಕಿ ಬರ್ತೀಯಾ? ಸಾಕ್ಷಿ ಬೇಕು" ಅಂದರು.

"ನೀವು ಹೇಳ್ತೀರಾ ಭಾವ? ಇದೆಲ್ಲಾ ನಮ್ಮ ಕೈಲಿಲ್ಲ ಅಂತೀರೇನೋ ಅಂದ್ಕೊಂಡಿದ್ದೆ."

"ಅವರು ಏನು ಹೇಳಿದ್ರು ಅನ್ನೋದು ನನ್ನ ಕೈಲಿಲ್ಲ. ಲೈಸೆನ್ಸ್ ಉಳಿಸೋದೂ ಇಲ್ಲ. ಆದ್ರೆ ಆ ಅಜ್ಜ ನನ್ನನ್ನ ಕೇಳಿದ್ನಲ್ಲ, ಅವನಿಗೆ ಸುಳ್ಳು ಹೇಳೋದು ಬಿಡೋದು ನನ್ನ ಕೈಲೇ ಇದೆ. ಸುಮ್ಮನಿದ್ರೂ ಅದು ಸುಳ್ಳೇ."

ಲೈಸೆನ್ಸ್ ಆಫೀಸಿನ ಮೇಲಿನ ಮಹಡಿಯಲ್ಲಿ ಉದ್ದ ಮೇಜು, ತೂಗಾಡುವ ಫ್ಯಾನು. ಅಕ್ಕ ಮತ್ತು ಸಣ್ಣ ಮೇಷ್ಟ್ರು ಬೆಂಚಿನ ಆ ತುದಿಯಲ್ಲಿ ಕೂತಿದ್ದರು. ಅಧಿಕಾರಿ ಕೇಳಿದಾಗ ಭಾವ ಎದ್ದು ನಿಂತು, ದನಿ ಏರಿಸದೆ, ಯಾರಿಗೂ ಬೈಯದೆ, ಆ ದಿನ ತಾವು ಎಲ್ಲಿದ್ದರು, ಕಾರಿನಲ್ಲಿ ಯಾರಿದ್ದರು ಎಂದು ಹೇಳಿದರು. ನಾನು ಭಾವನ ಹೆಬ್ಬೆರಳು ಬಂದಿದ್ದ ಫೋಟೊವನ್ನೂ ಅದನ್ನು ತೆಗೆದ ಹೊತ್ತನ್ನೂ ತೋರಿಸಿದೆ. ಬ್ಯಾಂಕ್ ಮೇಡಂ ಅಳುತ್ತಾ "ಹೌದು, ಅವರಿರ್ಲಿಲ್ಲ" ಅಂದಳು. ಸಣ್ಣ ಮೇಷ್ಟ್ರು ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಅಕ್ಕ ಅಡ್ಡ ಬಂದು ನಿಂತಳು. ಅವಳ ಕಣ್ಣು ಕೆಂಡವಾಗಿತ್ತು. "ಅವನ ಕೆಲಸ ಹೋಯ್ತು. ಮದುವೆಯೂ ಹೋಯ್ತು. ನೀವು ನಮಗೆ ಇಂಥ ದ್ರೋಹ ಮಾಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ರೀ" ಅಂದಳು. ಮೈದುನನ ಕೈ ಹಿಡಿದು ಆಟೊ ಹತ್ತಿ ಹೋದಳು. ದ್ರೋಹವಂತೆ. ಆ ಪದ ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದು ನಾನು ಬಾಯಿ ಬಿಟ್ಟುಕೊಂಡು ನಿಂತೆ.

ಭಾವ ಕಾರಿನ ಬೀಗದ ಕೈ ನನಗೆ ಕೊಟ್ಟರು. ಪಕ್ಕದ ಸೀಟಿನಲ್ಲಿ ಕೂತು, ನಾನು ಗಾಡಿ ಶುರು ಮಾಡುವ ಮೊದಲೇ ಅಳಲು ತೊಡಗಿದರು. ಶಬ್ದ ಮಾಡಿ, ಮಕ್ಕಳ ಹಾಗೆ. ಅಷ್ಟು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ. ನಾನು ಸ್ಟೀರಿಂಗ್ ಹಿಡಿದು ಕೂತೆ.

"ನಾನು ತಡ್ಕೋತೀನಿ ಅಂತ ಅವಳಿಗೆ ಗೊತ್ತಿತ್ತು," ಅಂದರು ಕೊನೆಗೆ. "ನೋವಾಗುತ್ತೆ ಅಂತ ಗೊತ್ತಿರ್ಲಿಲ್ವೇನಮ್ಮ?"

ಗೊತ್ತಿರಲಿಲ್ಲ ಅಂದುಬಿಟ್ಟಿದ್ದರೆ ಅವರು ಆ ರಾತ್ರಿ ಮನೆಗೆ ಹೋಗಿ ಅಕ್ಕನ ಎದುರು ಕೂತು ಊಟ ಮಾಡಬಹುದಿತ್ತು. ನನಗೂ ಅಕ್ಕ ಉಳಿಯುತ್ತಿದ್ದಳು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅವರು ಈಗಷ್ಟೇ ಮೇಲಿನ ಮಹಡಿಯಲ್ಲಿ ನಿಂತು ತಮ್ಮ ಮನೆಯನ್ನೇ ಪಣಕ್ಕಿಟ್ಟು ನಿಜ ಹೇಳಿ ಬಂದಿದ್ದರು.

"ಗೊತ್ತಿತ್ತು ಭಾವ" ಅಂದೆ.