ಎತ್ತಿ ಕುಡಿಯುವವರು

ನನಗೆ ಲೋಟಕ್ಕೆ ಬಾಯಿಟ್ಟು ನೀರು ಕುಡಿಯಲು ಬರುವುದಿಲ್ಲ. ಈಜು ಬರುವುದಿಲ್ಲ, ಸೈಕಲ್ಲು ಬರುವುದಿಲ್ಲ ಎನ್ನುತ್ತಾರಲ್ಲ, ಆ ಅರ್ಥದಲ್ಲಿ ಬರುವುದಿಲ್ಲ. ತುಟಿಗೆ ಅಂಚು ತಾಗಿದೊಡನೆ ಗಂಟಲು ಮುಷ್ಕರ ಹೂಡುತ್ತದೆ. ಅರ್ಧ ನೀರು ಮೂಗಿಗೆ, ಉಳಿದರ್ಧ ಮೈಮೇಲೆ. ಲೋಟವನ್ನು ಮೇಲೆತ್ತಿ, ತಲೆಯನ್ನು ಹಿಂದಕ್ಕೆ ವಾಲಿಸಿ, ತೆರೆದ ಬಾಯಿಗೆ ಧಾರೆ ಬಿಟ್ಟುಕೊಂಡರೆ ಮಾತ್ರ ನನ್ನ ಬಾಯಾರಿಕೆ ತೀರುವುದು. ಹಾಗೆ ಎತ್ತಿ ಕುಡಿಯುವುದರಲ್ಲಿ ಮಾತ್ರ ನನ್ನನ್ನು ಮೀರಿಸುವವರಿಲ್ಲ. ಓಲಾಡುವ ಬಸ್ಸಿನಲ್ಲಿ ನಿಂತುಕೊಂಡೇ ಹನಿ ಚೆಲ್ಲದೆ ಕುಡಿಯಬಲ್ಲೆ. ನಾನು ಕಾಲೇಜಿನಲ್ಲಿ ಓದಿ ಪದವಿ ಪಡೆದ ವಿದ್ಯೆಯಲ್ಲಿ ನನಗೆ ಇಷ್ಟು ಪರಿಣತಿ ಇಲ್ಲ ಎಂದು ನನ್ನನ್ನು ಬಲ್ಲವರೆಲ್ಲ ಹೇಳುತ್ತಾರೆ.

ಈ ವಿದ್ಯೆಯ ಗುರು ನನ್ನ ಅಜ್ಜಿ. ನಮ್ಮದು ಮೂರು ತಲೆಮಾರಿನಿಂದ ತಮಿಳರ ನಡುವೆ, ತ್ರಿಪ್ಲಿಕೇನಿನಲ್ಲಿ ಬೇರೂರಿದ ಮಾಧ್ವರ ಮನೆ. ಅಪ್ಪ ವಿಮಾ ಕಚೇರಿಯಲ್ಲಿ ಇರುತ್ತಿದ್ದರು, ಅಜ್ಜಿ ಮಡಿಯಲ್ಲಿ ಇರುತ್ತಿದ್ದಳು. ಮಗು ಒಳಲೆ ಬಿಟ್ಟು ಲೋಟ ಹಿಡಿದ ದಿನದಿಂದಲೇ ಪಾಠ ಶುರು. ತುಟಿ ತಾಗಿದರೆ ಲೋಟ ಎಂಜಲು, ಎಂಜಲು ಲೋಟ ಮುಟ್ಟಿದರೆ ಕೈ ಎಂಜಲು, ಆ ಕೈ ತಾಗಿದ ಕೊಡದ ನೀರೆಲ್ಲ ಬಚ್ಚಲಿಗೆ. ನನ್ನ ಬಾಲ್ಯದ ಫ್ರಾಕುಗಳ ಎದೆಭಾಗ ಒಣಗಿದ್ದನ್ನು ಯಾರೂ ಕಂಡಿಲ್ಲವೆಂದು ಅಮ್ಮ ನಗುತ್ತಿದ್ದಳು. ನಮ್ಮ ಕಡೆಯ ಲೋಟಗಳ ಅಂಚು ಹೊರಕ್ಕೆ ಬಾಗಿರುವುದನ್ನು ನೀವು ಗಮನಿಸಿರಬಹುದು. ಅದು ಅಂದಕ್ಕಲ್ಲ, ಧಾರೆ ನೆಟ್ಟಗೆ ಬೀಳಲಿ ಎಂದು. ಪಾತ್ರೆ ಮಾಡುವವನೂ ನಮ್ಮ ಅಜ್ಜಿಯ ಶಿಷ್ಯನೇ ಇರಬೇಕು.

ಎಂಜಲು ಎಂಬ ಮಾತಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದವಿಲ್ಲ. ಉಗುಳಿಗೆ ಇದೆ, ತಟ್ಟೆಯಲ್ಲಿ ಉಳಿದ ಅನ್ನಕ್ಕೆ ಇದೆ, ಕ್ರಿಮಿಗಳಿಗಂತೂ ಬೇಕಾದಷ್ಟಿದೆ. ಆದರೆ ಒಂದು ಬಾಯಿ ತಾಗಿದ ಮಾತ್ರಕ್ಕೆ ಒಂದು ವಸ್ತುವಿಗೆ ಅಂಟಿಬಿಡುವ ಆ ಗುಣಕ್ಕೆ ಇಲ್ಲ. ತಮಿಳರಿಗೆ ಎಚ್ಚಿಲ್ ಇದೆ, ತೆಲುಗರಿಗೆ ಎಂಗಿಲಿ ಇದೆ, ಪಾಪ ಇಂಗ್ಲಿಷಿನವರಿಗೆ ಏನೂ ಇಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಸಮಾಜಕಾರ್ಯದ ಎಂ.ಎ.ಗೆ ಸೇರಿದಾಗ ನಮ್ಮ ಪುಸ್ತಕಗಳೆಲ್ಲ ಇಂಗ್ಲಿಷಿನವು. ಹಾಗಾಗಿ ಈ ಒಂದು ವಿಷಯವನ್ನು ನಮಗೆ ಯಾರೂ ಕಲಿಸಲಿಲ್ಲ.

ಉಳಿದದ್ದನ್ನೆಲ್ಲ ಕಲಿಸಿದರು. ಕಷ್ಟದಲ್ಲಿರುವವರ ಎದುರು ಕುರ್ಚಿಯನ್ನು ಎಷ್ಟು ಓರೆಯಾಗಿ ಹಾಕಿಕೊಳ್ಳಬೇಕು, ಎಷ್ಟು ಮುಂದಕ್ಕೆ ಬಾಗಬೇಕು, ಎಲ್ಲಿ "ಹ್ಞೂಂ" ಎನ್ನಬೇಕು, ಎಲ್ಲಿ ಬರೀ ತಲೆ ಆಡಿಸಬೇಕು ಎಂದು ಕಲಿಸಿದರು. ತರಗತಿಯಲ್ಲಿ ನಾವೇ ಕುಡುಕ ಗಂಡ, ಅಳುವ ಹೆಂಡತಿಯ ಪಾತ್ರ ಹಾಕಿ ಅಭ್ಯಾಸ ಮಾಡುತ್ತಿದ್ದೆವು. ಮನೆಗೆ ಬಂದು ಇದನ್ನೆಲ್ಲ ಅಜ್ಜಿಗೆ ವರ್ಣಿಸಿದರೆ ಅವಳಿಗೆ ಅರ್ಥವೇ ಆಗುತ್ತಿರಲಿಲ್ಲ. "ಇನ್ನೊಬ್ಬರ ಕಷ್ಟ ಕೇಳಕ್ಕೆ ಎರಡು ವರ್ಷ ಓದಬೇಕೇನೇ ವಿಜಿ? ಎದುರುಮನೆ ಪದ್ಮ ಓದದೇನೇ ಬೀದಿಯವರ ಕಷ್ಟಾನೆಲ್ಲ ಕೇಳ್ಕೊಂಡು ಬರ್ತಾಳಲ್ಲ" ಎಂದಳು.

ವಾರದಲ್ಲಿ ಎರಡು ದಿನ ಕ್ಷೇತ್ರಕಾರ್ಯ. ಎರಡನೆಯ ವರ್ಷ ನನಗೆ ಸಿಕ್ಕಿದ್ದು ಊರಾಚೆಯ ಒಂದು ಆಸ್ಪತ್ರೆಯ ಎಚ್‌ಐವಿ ವಾರ್ಡು. ಈ ರೋಗಕ್ಕೆ ಮದ್ದು ಬಂದಿದೆಯೆಂದು ಆಗ ಪೇಪರಿನಲ್ಲಿ ಓದುತ್ತಿದ್ದೆವು, ಆದರೆ ಅದು ಆ ವಾರ್ಡಿನವರ ಕೈಗೆ ಎಟಕುವಂಥದ್ದಾಗಿರಲಿಲ್ಲ. ಅಲ್ಲಿಗೆ ಬಂದವರು ಸಾಯಲೆಂದೇ ಬಂದವರು. ಈ ವಾರ ಮಾತಾಡಿಸಿದವರ ಹಾಸಿಗೆಯಲ್ಲಿ ಮುಂದಿನ ವಾರ ಬೇರೆ ಯಾರೋ ಇರುತ್ತಿದ್ದರು. ಅಂಥ ಕಡೆ ನನ್ನ ಆಯುಧ ಒಂದು ಚಿತ್ರಪಟ. ರೋಗ ಯಾವುದರಿಂದ ಹರಡುವುದಿಲ್ಲ ಎಂಬ ಚಿತ್ರಗಳು ಅದರಲ್ಲಿದ್ದವು: ಕೈಕುಲುಕುವುದು, ಸೊಳ್ಳೆ, ಒಂದೇ ಲೋಟದಲ್ಲಿ ನೀರು ಕುಡಿಯುವ ಇಬ್ಬರು. ಅದನ್ನು ಗೋಡೆಗೆ ತೂಗುಹಾಕಿ ನನ್ನ ತ್ರಿಪ್ಲಿಕೇನ್ ತಮಿಳಿನಲ್ಲಿ ಭಾಷಣ ಬಿಗಿಯುತ್ತಿದ್ದೆ.

ನನ್ನ ಪಾಲಿಗೆ ಬಂದ ಕೇಸು ಸೆಲ್ವಿ. ನನಗಿಂತ ಒಂದೆರಡು ವರ್ಷ ದೊಡ್ಡವಳು ಅಷ್ಟೇ. ಗಂಡ ಹಿಂದಿನ ವರ್ಷ ಇದೇ ರೋಗದಲ್ಲಿ ಹೋಗಿದ್ದ. ಅವಳು ಶೋಳಿಂಗನಲ್ಲೂರಿನಲ್ಲಿದ್ದ ತಾಯಿಮನೆಗೆ ಹಿಂತಿರುಗಿ, ಅಲ್ಲಿ ಮಲಗಿ, ಕೊನೆಗೆ ವಾರ್ಡಿಗೆ ಬಂದಿದ್ದಳು. ಅವಳಿಗೆ ಮನೆಗೆ ಹೋಗಿ ಸಾಯಬೇಕಿತ್ತು. ಅದನ್ನು ಆಕೆ ಸುತ್ತಿಬಳಸದೆ ಹಾಗೆಯೇ ಹೇಳಿದಳು. ತಮ್ಮ ಮುರುಗನ್ ಕರೆದೊಯ್ಯಲು ತಯಾರಿದ್ದ, ಆದರೆ ಅವಳ ತಟ್ಟೆ ಲೋಟ ಬೇರೆ, ಅವು ಹೊರಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಇರಬೇಕು ಎಂಬುದು ಅವನ ಷರತ್ತು. ಮೊದಲು ಮನೆಯಲ್ಲಿದ್ದಾಗಲೂ ಹಾಗೆಯೇ ಇದ್ದವಂತೆ. ಕಾಗೆ ಬಂದು ಲೋಟ ಉರುಳಿಸಿ ಹೋಗುತ್ತಿತ್ತಂತೆ. ಲೋಟ ಒಳಗಿದ್ದರೆ ಬರುತ್ತೇನೆ, ಕಲ್ಲಿನ ಮೇಲಾದರೆ ಇಲ್ಲೇ ಸಾಯುತ್ತೇನೆ ಎಂದು ಸೆಲ್ವಿ ಕೂತುಬಿಟ್ಟಿದ್ದಳು. ಅಕ್ಕತಮ್ಮಂದಿರ ನಡುವೆ ಇದ್ದದ್ದು ಆ ಒಂದು ಲೋಟ. ಅದನ್ನು ಕಲ್ಲಿನಿಂದ ಅಡುಗೆಮನೆಗೆ ಸಾಗಿಸುವುದು ನನ್ನ ಕೆಲಸ.

ಒಂದು ದಿನ ವಾರ್ಡಿಗೆ ಟೀ ಬಂದಾಗ ಸೆಲ್ವಿ ತನ್ನ ಲೋಟದ್ದನ್ನು ಇನ್ನೊಂದಕ್ಕೆ ಬಗ್ಗಿಸಿ ನನ್ನ ಮುಂದೆ ಹಿಡಿದಳು. ರೋಗಿ ಕೊಟ್ಟದ್ದನ್ನು ಬೇಡವೆನ್ನಬಾರದು ಎಂದು ನಮಗೆ ಹೇಳಿದ್ದರು. ನಾನು ಖುಷಿಯಿಂದ ತೆಗೆದುಕೊಂಡು, ಎತ್ತಿ, ಹನಿ ಚೆಲ್ಲದೆ ಕುಡಿದು ಲೋಟ ಇಟ್ಟೆ. ಅವಳು ಲೋಟವನ್ನು ನೋಡಿದಳು, ನನ್ನನ್ನು ನೋಡಿದಳು. ನಾನೋ, ದೊಡ್ಡ ಪರೀಕ್ಷೆ ಗೆದ್ದವಳ ಹಾಗೆ ಬೀಗುತ್ತ ಮನೆಗೆ ಬಂದೆ.

ಶೋಳಿಂಗನಲ್ಲೂರು ಆಗ ಈಗಿನ ಹಾಗಿರಲಿಲ್ಲ. ಗಾಜಿನ ಕಟ್ಟಡಗಳ ಜಾಗದಲ್ಲಿ ಸರ್ವೆತೋಪು, ತಾಳೆಮರ, ಅಪರೂಪಕ್ಕೊಂದು ಬಸ್ಸು. ಚಿತ್ರಪಟವನ್ನು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಒಂದು ಮಧ್ಯಾಹ್ನ ಅಲ್ಲಿ ಇಳಿದೆ. ಮುರುಗನ್, ಅವನ ಹೆಂಡತಿ ಕಸ್ತೂರಿ, ಸೆಲ್ವಿಯ ತಾಯಿ ಮೂವರೂ ಗೋಡೆಗೆ ಒರಗಿ ಕೂತು ನನ್ನ ಭಾಷಣ ಕೇಳಿದರು. ಕೈಕುಲುಕುವುದಾಯಿತು, ಸೊಳ್ಳೆಯಾಯಿತು, ಲೋಟದ ಚಿತ್ರಕ್ಕೆ ಬಂದು ಅಲ್ಲಿ ಸಾಕಷ್ಟು ಹೊತ್ತು ನಿಂತೆ. ಗಂಟಲು ಒಣಗಿತು. ಕಸ್ತೂರಿ ಎದ್ದು ಹೋಗಿ ಸ್ಟೀಲ್ ಲೋಟದಲ್ಲಿ ನೀರು ತಂದುಕೊಟ್ಟಳು. ನಾನು ಎತ್ತಿ ಕುಡಿದೆ.

ಮುರುಗನ್ ಆಗ ಬಾಯಿ ತೆರೆದ. "ನೀಂಗಳೇ ತೂಕ್ಕಿ ತಾನ ಕುಡಿಕ್ಕಿರೀಂಗ ಮೇಡಂ" ಎಂದ. ನೀವೇ ಎತ್ತಿ ತಾನೇ ಕುಡಿಯುತ್ತೀರಿ, ಎಂದು. ಅಕ್ಕ ಕೊಟ್ಟ ಟೀಯನ್ನೂ ನಾನು ಹೀಗೆಯೇ ಕುಡಿದೆನಂತೆ, ಅಕ್ಕನೇ ಹೇಳಿದಳಂತೆ. ಅಂಟುವುದಿಲ್ಲ ಎಂದು ನಮಗೆ ಹೇಳಿಕೊಟ್ಟ ಓದಿದವರು ತಾವು ತುಟಿ ತಾಗಿಸುವುದಿಲ್ಲವಲ್ಲ ಎಂದು ಕೇಳಿದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಅವನಿಗೆ ನಿಜವಾಗಿ ಉತ್ತರ ಬೇಕಿತ್ತು.

ನನ್ನ ಹಿಂದೆ ಗೋಡೆಯ ಮೇಲೆ ಒಂದೇ ಲೋಟದಲ್ಲಿ ಕುಡಿಯುವ ಇಬ್ಬರು ನಗುತ್ತಿದ್ದರು.  ಇಲ್ಲಪ್ಪ, ಇದು ರೋಗಕ್ಕೆ ಹೆದರಿ ಅಲ್ಲ, ನಮ್ಮ ಮನೆಯ ಪದ್ಧತಿ, ಹುಟ್ಟಿದಾಗಿನಿಂದ ಹೀಗೇ, ಯಾರ ಲೋಟಕ್ಕೂ ನಾವು ಬಾಯಿಡುವುದಿಲ್ಲ ಎಂದೆ. ಹೇಳುತ್ತಿದ್ದಂತೆಯೇ ನನ್ನ ಮಾತು ನನಗೆ ಕೇಳಿಸಿತು. ಅವನು ಊಹಿಸಿದ್ದು ಒಂದು ರೋಗದ ಭಯ. ನಾನು ವಿವರಿಸುತ್ತಿದ್ದುದು ರೋಗವಿಲ್ಲದವರನ್ನೂ ದೂರ ಇಡುವ ಏರ್ಪಾಡು. ನಮ್ಮ ಮನೆಯ ಹಿತ್ತಿಲ ಕಿಟಕಿಯಲ್ಲೂ ಕೆಲಸದವಳಿಗೆಂದು ಒಂದು ಲೋಟ ಬೇರೆಯಾಗಿಯೇ ಇರುತ್ತಿತ್ತು, ಅದೂ ಆಗಲೇ ನೆನಪಾಯಿತು. ನಿಜ ಹೇಳಿ ಇಷ್ಟು ನಾಚಿಕೆಪಟ್ಟದ್ದು ನನಗೆ ಬೇರೆ ನೆನಪಿಲ್ಲ.

 ನಿಮ್ಮ ಮನೆಯಲ್ಲಿ ಎಲ್ಲರೂ ಹಾಗೆಯೇ ಕುಡಿಯುತ್ತಾರಾ ಎಂದು ಮುರುಗನ್ ಕೇಳಿದ. ಎಲ್ಲರೂ, ಎಂದೆ. ಮನೆಯವರಿಗೆಲ್ಲ ಲೋಟ ಬೇರೆ ಬೇರೆಯಾ? ಇಲ್ಲ, ಯಾರು ಬೇಕಾದರೂ ಯಾವುದರಲ್ಲಿ ಬೇಕಾದರೂ, ಎಂದೆ. ಅವನು ಹೆಂಡತಿಯ ಮುಖ ನೋಡಿದ. ಕಸ್ತೂರಿ, ನನ್ನ ಚಿತ್ರಪಟದ ಕಡೆ ಒಮ್ಮೆಯೂ ಸರಿಯಾಗಿ ನೋಡದಿದ್ದವಳು, ಆ ಖಾಲಿ ಲೋಟವನ್ನು ಕೈಗೆತ್ತಿಕೊಂಡು ಅದರ ಅಂಚು ನೋಡಿದಳು.

"ಆಗ್ಲಿ ಮೇಡಂ, ನಾವೆಲ್ಲಾರೂ ಎತ್ತೇ ಕುಡೀತೀವಿ. ಅವಳೂ ಎತ್ತಿ ಕುಡೀಲಿ. ಲೋಟ ಒಳಗೇ ಇರ್ಲಿ" ಎಂದಳು, ಅವಳ ತಮಿಳಿನಲ್ಲಿ.

ಹೀಗೆ ಸೆಲ್ವಿ ಮನೆಗೆ ಬಂದಳು. ವಿಜ್ಞಾನ ಅವಳನ್ನು ಕರೆತರಲಿಲ್ಲ, ನಮ್ಮ ಅಜ್ಜಿಯ ಮಡಿ ಕರೆತಂದಿತು. ವರ್ಷದ ಕೊನೆಯ ಮೌಖಿಕ ಪರೀಕ್ಷೆಯಲ್ಲಿ, ಕುಟುಂಬದ ಮನಸ್ಸು ಬದಲಾಯಿಸಲು ಯಾವ ವಿಧಾನ ಬಳಸಿದಿರಿ ಎಂದು ಪರೀಕ್ಷಕರು ಕೇಳಿದಾಗ, ಎತ್ತಿ ಕುಡಿಯುವ ವಿಧಾನ ಎಂದು ಬಾಯಿತುದಿಯವರೆಗೆ ಬಂದದ್ದನ್ನು ನುಂಗಿಕೊಂಡು ಪುಸ್ತಕದಲ್ಲಿದ್ದ ಯಾವುದೋ ಹೆಸರು ಹೇಳಿದೆ. ಅವರು ಮೆಚ್ಚಿ ತಲೆಯಾಡಿಸಿದರು, ನಮಗೆ ತರಗತಿಯಲ್ಲಿ ಕಲಿಸಿದ್ದ ಹಾಗೆಯೇ.

ಅವಳು ಬಂದ ಮೇಲೆ ನಾನು ಹೋದಾಗ ಸೆಲ್ವಿ ಮೊದಲು ಮಾಡಿದ ಕೆಲಸವೆಂದರೆ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕಳಿಸಿದ್ದು. ಹಲಗೆಯ ಮೇಲೆ ಲೋಟಗಳು ಬೋರಲಾಗಿ ಸಾಲಾಗಿದ್ದವು. ಅವುಗಳಲ್ಲಿ ತನ್ನದು ಯಾವುದು ಹೇಳಿ ನೋಡೋಣ ಎಂದು ಮಲಗಿದಲ್ಲಿಂದಲೇ ಕೂಗಿದಳು. ನಾನು ಎಷ್ಟು ನೋಡಿದರೂ ಗುರುತು ಹತ್ತಲಿಲ್ಲ. ಗೊತ್ತಾಗಲಿಲ್ಲ ಎಂದಾಗ ಅವಳ ಮುಖದಲ್ಲಿ ಮೂಡಿದ ಸಂತೋಷವನ್ನು ನಾನು ಮರೆತಿಲ್ಲ.

ನನ್ನ ಸಂಕಟ ಮಾತ್ರ ಉಳಿದೇ ಇತ್ತು. ಬಾಯಿಟ್ಟು ಕುಡಿಯಲು ಕಲಿಯಲೇಬೇಕು ಎಂದು ಹಟಕ್ಕೆ ಬಿದ್ದು, ಅಜ್ಜಿಗೆ ಕಾಣದ ಹಾಗೆ ಬಚ್ಚಲಲ್ಲಿ ಕೂತು ಅಭ್ಯಾಸ ಮಾಡಿದೆ. ಇಪ್ಪತ್ತು ದಾಟಿದ ಹೆಣ್ಣು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ನೀರು ಕುಡಿಯುತ್ತ ಕೆಮ್ಮುವುದನ್ನು ಕೇಳಿ ಅಮ್ಮ ಕ್ಷಯವೇನೋ ಎಂದು ಗಾಬರಿಯಾದಳು. ಕ್ಷೇತ್ರಕಾರ್ಯ ಮುಗಿಯುವ ಮುನ್ನ ಕೊನೆಯ ಬಾರಿ ಶೋಳಿಂಗನಲ್ಲೂರಿಗೆ ಹೋದಾಗ ಮಾರ್ಚಿನ ಬಿಸಿಲು. ಸೆಲ್ವಿ ಓಲೆಚಪ್ಪರದ ಕೆಳಗೆ ಹಗ್ಗದ ಮಂಚದ ಮೇಲಿದ್ದಳು, ಬಟ್ಟೆಯೊಳಗೆ ಮೈ ಇದೆಯೋ ಇಲ್ಲವೋ ಎಂಬಂತೆ. ಅವಳ ತಾಯಿ ನೀರು ತಂದುಕೊಟ್ಟರು. ನಾನು ಎಲ್ಲರ ಎದುರು, ನಾಟಕದವರ ಹಾಗೆ, ಲೋಟಕ್ಕೆ ತುಟಿಯಿಟ್ಟೆ. ಎಂದಿನಂತೆ ಗಂಟಲು ಕೈಕೊಟ್ಟಿತು. ಕೆಮ್ಮು ಬಂತು, ನೀರೆಲ್ಲ ದುಪಟ್ಟಾದ ಮೇಲೆ.

ಸೆಲ್ವಿಗೆ ನಗು ಬಂತು. ನಗಲು ಶಕ್ತಿ ಇರಲಿಲ್ಲ, ಭುಜ ಮಾತ್ರ ಅಲುಗಿತು. "ವೇಂಡಾಂಮಾ, ನೀ ಉನ್ ಮಾದಿರಿಯೇ ಕುಡಿ" ಎಂದಳು. ಬೇಡಮ್ಮ, ನೀನು ನಿನ್ನ ಹಾಗೇ ಕುಡಿ. ನಾನು ದುಪಟ್ಟಾ ಹಿಂಡುತ್ತಿದ್ದುದನ್ನು ನೋಡಿ, ನೀರು ತಾನೇ, ಒಣಗುತ್ತದೆ ಎಂದು ಸಮಾಧಾನವನ್ನೂ ಹೇಳಿದಳು. ಸಮಾಧಾನ ಹೇಳಲು ಎರಡು ವರ್ಷ ಓದಿದ್ದವಳು ನಾನು.

ಸ್ವಲ್ಪ ಹೊತ್ತಿಗೆ ಅವಳಿಗೇ ಬಾಯಾರಿತು. ಎತ್ತಿ ಕುಡಿಯುವುದು ಕೂರಲು ಆಗುವವರ ವಿದ್ಯೆ. ಅವಳಿಗೆ ಆಗ ತಲೆಯನ್ನೂ ಎತ್ತಲಾಗುತ್ತಿರಲಿಲ್ಲ. ಕಸ್ತೂರಿ ಬಂದು ಮನೆಯ ನಿಯಮದಂತೆ ಮೇಲಿನಿಂದ ಸಣ್ಣ ಧಾರೆ ಬಿಟ್ಟಳು. ಒರಟಾಗಿಯೇನೂ ಅಲ್ಲ, ಜೋಪಾನವಾಗಿಯೇ. ನಮ್ಮಲ್ಲಿ ಪ್ರಾಣ ಹೋಗುವವರ ಬಾಯಿಗೆ ತೀರ್ಥ ಬಿಡುವುದೂ ಹೀಗೆಯೇ ಎಂದು ನನಗೆ ಅನ್ನಿಸಿತು. ನೀರು ಕೆನ್ನೆಯ ಮೇಲೆ ಹರಿಯಿತು, ಸೆಲ್ವಿಗೆ ಉಸಿರು ಸಿಕ್ಕಿಕೊಂಡಿತು. ಆಗ ತಾಯಿ ಮುಂದೆ ಬಂದು ಸೊಸೆಯ ಕೈಯಿಂದ ಲೋಟ ತೆಗೆದುಕೊಂಡರು. ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಲೋಟದ ಅಂಚನ್ನು ತುಟಿಗೆ ಒತ್ತಿ ಹಿಡಿದರು. ಅವಳು ಗುಟುಕು ಗುಟುಕಾಗಿ ಕುಡಿದಳು. ಉಳಿದದ್ದನ್ನು ತಾಯಿ ಅದೇ ಅಂಚಿಗೆ ಬಾಯಿಟ್ಟು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, ಬಸ್ಸು ಎಷ್ಟು ಹೊತ್ತಿಗೆ ಎಂದು ನನ್ನನ್ನು ಕೇಳಿದರು. ತಾವು ಏನಾದರೂ ಮಾಡಿದೆವೆಂದು ಅವರಿಗೆ ತೋಚಿದಂತೆಯೂ ಕಾಣಲಿಲ್ಲ. ಕಸ್ತೂರಿ ಲೋಟವನ್ನು ಒಳಗೆ ಒಯ್ದಳು. ಅದನ್ನು ಹೇಗೆ ತೊಳೆದಳೋ, ಎಲ್ಲಿಟ್ಟಳೋ ನನಗೆ ಗೊತ್ತಿಲ್ಲ.

ನಾನು ಪರೀಕ್ಷೆಗೆ ಓದುತ್ತಿದ್ದಾಗ ಸೆಲ್ವಿ ತೀರಿಕೊಂಡಳು. ಮನೆಯಲ್ಲೇ, ಎಂದು ವಾರ್ಡಿನವರು ಹೇಳಿದರು.

ಈಗ ಆ ದಾರಿಯಲ್ಲಿ ಹೋದರೆ ಆ ಮನೆ ಯಾವ ಕಟ್ಟಡದ ಕೆಳಗಿದೆಯೋ ತಿಳಿಯುವುದಿಲ್ಲ. ಸಿಗ್ನಲ್ಲಿನಲ್ಲಿ ನಿಂತ ಆಫೀಸಿನ ವ್ಯಾನುಗಳಲ್ಲಿ ಹುಡುಗ ಹುಡುಗಿಯರು ಒಂದೇ ಬಾಟಲಿಯನ್ನು ಕೈಯಿಂದ ಕೈಗೆ ದಾಟಿಸಿ, ನಮ್ಮ ಅಜ್ಜಿ ನೋಡಿದ್ದರೆ ಕಣ್ಣು ತಂಪಾಗುವಂತೆ, ಎತ್ತಿ ಕುಡಿಯುತ್ತಿರುತ್ತಾರೆ. ಒಬ್ಬಳೇ ಇದ್ದಾಗ ನಾನೂ ಹಾಗೆಯೇ. ಆದರೆ ಕೆಲಸದ ಮೇಲೆ ಯಾರ ಮನೆಗಾದರೂ ಹೋಗಿ, ಅಲ್ಲಿ ಕಾಯಿಲೆಯವರಿದ್ದು, ಅವರು ನೀರು ಕೊಟ್ಟರೆ ಬಾಯಿಟ್ಟೇ ಕುಡಿಯುತ್ತೇನೆ. ಇಷ್ಟು ವರ್ಷವಾದರೂ ಅದು ನನಗೆ ಒಗ್ಗಿಲ್ಲ. ಗಂಟಲು ಕೆಮ್ಮುತ್ತದೆ, ಫ್ರಾಕಿನ ಕಾಲದ ಹಾಗೆ ಎದೆಯೆಲ್ಲ ಒದ್ದೆಯಾಗುತ್ತದೆ, ಮನೆಯವರು ಗಾಬರಿಯಾಗಿ ಟವೆಲ್ ತರಲು ಏಳುತ್ತಾರೆ. ಕೂತ್ಕೊಳಿ, ನೀರು ತಾನೇ, ಒಣಗುತ್ತೆ ಎನ್ನುತ್ತೇನೆ.